ಕೆಮ್ಮು-ಜ್ವರ ಎದೆಗಿಳಿಯುತ್ತಾ? ಸಿಬಿಸಿ, ಸಿಆರ್‌ಪಿ, ಯೂರಿಯಾ ರಿಪೋರ್ಟ್ ಓದುವ ಬಗೆ

ಜೂನ್ ಮುಗಿದು ಮಳೆಗಾಲದ ಆಟಿ ತಿಂಗಳು ಬರುವಷ್ಟರಲ್ಲಿ ನಮ್ಮ ಕಡೆ ಮನೆಗೊಬ್ಬರಾದರೂ ಕೆಮ್ಮುತ್ತಿರುತ್ತಾರೆ. ಹೆಚ್ಚಿನವರದ್ದು ಗಂಜಿ, ಪ್ಯಾರಸಿಟಮಾಲ್, ನಾಲ್ಕು ದಿನದ ವಿಶ್ರಾಂತಿಗೆ ಹೋಗಿಬಿಡುತ್ತದೆ. ಕೆಲವರದ್ದು ಮಾತ್ರ ಐದಾರು ದಿನಕ್ಕೆ ಎದೆಗಿಳಿದು ನ್ಯುಮೋನಿಯ ಆಗುತ್ತದೆ. ಯಾರದ್ದು ಹೇಗೆ ಅಂತ ಸ್ವಲ್ಪ ಮೊದಲೇ ಗೊತ್ತಾದರೆ ಎಷ್ಟೋ ಉಪಕಾರ, ಅಲ್ವಾ?

ಕಾಸರಗೋಡಿನ ಒಳಭಾಗದವರಿಗೆ ಇದು ಇನ್ನೂ ದೊಡ್ಡ ಪ್ರಶ್ನೆ. ಪೆರ್ಲ, ಬಾಯಾರು, ಮುಳ್ಳೇರಿಯ, ಅಡೂರು ಕಡೆಯಿಂದ ದೊಡ್ಡ ಆಸ್ಪತ್ರೆಗೆ ಅಂದರೆ ಕಾಸರಗೋಡು, ಪುತ್ತೂರು, ಸುಳ್ಯ ಇಲ್ಲವೇ ಮಂಗಳೂರಿಗೆ ಓಡಬೇಕು. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಆ ದಾರಿಯೂ ಇಲ್ಲದ ಹಾಗಾಗಿತ್ತು. ಮರುತಿಂಗಳು ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಕಟ್ಟಡ ಕೋವಿಡ್ ಆಸ್ಪತ್ರೆಯಾಯಿತು. ಗಡಿ ಈಗ ತೆರೆದೇ ಇದೆ. ಆದರೆ ಸುರಿಯುವ ಮಳೆಯಲ್ಲಿ ರಾತ್ರಿ ಹನ್ನೊಂದಕ್ಕೆ ಜೀಪು ಹುಡುಕುವುದೋ, ಬೆಳಗಿನವರೆಗೆ ಕಾಯುವುದೋ ಎಂಬ ಲೆಕ್ಕಾಚಾರ ಮನೆಯವರ ತಲೆಯಿಂದ ಹೋಗಿಲ್ಲ.

ನಾನು ಲ್ಯಾಬ್ ಟೆಕ್ನೀಷಿಯನ್. ರಕ್ತ ತೆಗೆದು ರಿಪೋರ್ಟ್ ಕೊಡುವುದು ನನ್ನ ಕೆಲಸ, ಮದ್ದು ಬರೆಯುವುದಲ್ಲ. ಆದರೆ ಆ ಕಾಗದ ಹಿಡಿದುಕೊಂಡು ‘ಕೌಂಟ್ ಜಾಸ್ತಿ ಉಂಟಾ? ಭಯ ಉಂಟಾ?’ ಅಂತ ಕೇಳುವವರನ್ನು ದಿನಾ ನೋಡುತ್ತೇನೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಒಂದು ದಿನದ ಒಂದು ಸಂಖ್ಯೆಯಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ. ಎರಡು ರಿಪೋರ್ಟ್‌ಗಳ ನಡುವೆ ಅದು ಏರಿತಾ, ಇಳಿಯಿತಾ ಎಂಬುದರಿಂದ ಗೊತ್ತಾಗುತ್ತದೆ. ಅದೂ ರೋಗಿಯ ಉಸಿರಾಟದ ಜೊತೆಗಿಟ್ಟು ನೋಡಿದಾಗ ಮಾತ್ರ.

ಹೆಜ್ಜೆ 1: ಸೂಜಿಗಿಂತ ಮೊದಲು ಉಸಿರು ಎಣಿಸಿ

ಇದಕ್ಕೆ ಖರ್ಚಿಲ್ಲ. ಹಾಗಾಗಿಯೇ ಯಾರೂ ಮಾಡುವುದಿಲ್ಲ. ರೋಗಿಯನ್ನು ಆರಾಮವಾಗಿ ಕೂರಿಸಿ, ನಾಡಿ ನೋಡುವವರ ಹಾಗೆ ಕೈ ಹಿಡಿದುಕೊಳ್ಳಿ. ಎದೆ ಎಷ್ಟು ಸಲ ಏಳುತ್ತದೆ ಅಂತ ಪೂರ್ತಿ ಒಂದು ನಿಮಿಷ ಎಣಿಸಿ. ಉಸಿರು ಎಣಿಸುತ್ತೇನೆ ಅಂತ ಹೇಳಬೇಡಿ, ಹೇಳಿದ ಕೂಡಲೇ ಉಸಿರಾಟದ ಲಯ ಬದಲಾಗುತ್ತದೆ. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸರಿ. 24 ಮುಟ್ಟಿದರೆ ಅವತ್ತೇ ಡಾಕ್ಟರಿಗೆ ತೋರಿಸಬೇಕು. 30 ಆದರೆ ಲ್ಯಾಬೂ ಬೇಡ, ಏನೂ ಬೇಡ, ನೇರ ಆಸ್ಪತ್ರೆಗೆ.

ಮಕ್ಕಳ ಲೆಕ್ಕ ಬೇರೆ. ಎರಡು ತಿಂಗಳೊಳಗಿನ ಶಿಶುವಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ವೇಗದ ಉಸಿರಾಟ ಅಂತಲೇ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಉಸಿರೆಳೆಯುವಾಗ ಮಗುವಿನ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ ಎಣಿಸುತ್ತಾ ಕೂರಬೇಡಿ, ಕರೆದುಕೊಂಡು ಹೊರಡಿ.

ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ಶೇಕಡಾ ಎಷ್ಟು ಅಂತ ನೋಡುವ ಆಕ್ಸಿಮೀಟರ್, ಕೋವಿಡ್ ಕಾಲದಲ್ಲಿ ತಂದದ್ದು, ಕಪಾಟಿನಲ್ಲಿ ಇದ್ದರೆ ಹೊರಗೆ ತೆಗೆಯಿರಿ. ಬ್ಯಾಟರಿ ಸೋರಿಲ್ಲ ಅಂತ ನೋಡಿಕೊಳ್ಳಿ. ತೋಟದಿಂದ ಒದ್ದೆಯಾಗಿ ಬಂದವರ ತಣ್ಣಗಿನ ಬೆರಳಿಗೆ ಹಾಕಿದರೆ ಅದು ಬಾಯಿಗೆ ಬಂದದ್ದು ಹೇಳುತ್ತದೆ. ಕೈ ಒರೆಸಿ, ಉಜ್ಜಿ ಬೆಚ್ಚಗೆ ಮಾಡಿ, ಐದು ನಿಮಿಷ ಕೂರಿಸಿ, ಆಮೇಲೆ ಹಾಕಿ. ಉಗುರಿಗೆ ಬಣ್ಣವೋ ಮದರಂಗಿಯೋ ಇದ್ದರೆ ಬೇರೆ ಬೆರಳು ನೋಡಿ. ಸಂಖ್ಯೆ ಕುಣಿಯುವುದು ನಿಂತ ಮೇಲೆ ಓದಿ. 94 ಮತ್ತು ಮೇಲಿದ್ದರೆ ಸದ್ಯಕ್ಕೆ ಪರವಾಗಿಲ್ಲ. 93 ಅಥವಾ ಕೆಳಗಿದ್ದರೆ ಡಾಕ್ಟರ್ ನೋಡಲೇಬೇಕು. 90ಕ್ಕಿಂತ ಕೆಳಗೆ ಹೋದರೆ 108ಕ್ಕೆ ಫೋನ್ ಮಾಡಿ. ಮೊದಲಿಂದಲೇ ಶ್ವಾಸಕೋಶದ ಕಾಯಿಲೆ ಇರುವವರಲ್ಲಿ ಆರೋಗ್ಯವಾಗಿದ್ದಾಗಲೂ ಇದು ಸ್ವಲ್ಪ ಕಡಿಮೆ ಇರಬಹುದು. ಅವರ ಎಂದಿನ ಸಂಖ್ಯೆ ಎಷ್ಟು ಅಂತ ಮನೆಯವರಿಗೆ ಗೊತ್ತಿರಬೇಕು.

ಕೂತಾಗ 96 ಇರುವ ಕೆಲವರಿಗೆ ನಡೆದಾಗ ಇಳಿಯುತ್ತದೆ. ಏದುಸಿರು ಇಲ್ಲದವರನ್ನು ಅಂಗಳದಲ್ಲೋ ಜಗಲಿಯಲ್ಲೋ ಆರು ನಿಮಿಷ ನಡೆಸಿ ಮತ್ತೆ ನೋಡಿ. ಮೂರು ಅಥವಾ ಜಾಸ್ತಿ ಇಳಿದರೆ ಶ್ವಾಸಕೋಶದ ಒಳಗೆ ಏನೋ ನಡೆಯುತ್ತಿದೆ ಅಂತ ಲೆಕ್ಕ. ಈಗಾಗಲೇ ಏದುಸಿರು ಬಿಡುತ್ತಿರುವವರಿಗೆ, ಹೃದಯದ ತೊಂದರೆ ಇರುವವರಿಗೆ ಈ ಪರೀಕ್ಷೆ ಬೇಡ.

ತುಟಿ ನೀಲಿಯಾಗಿದೆ, ಒಂದು ವಾಕ್ಯ ಪೂರ್ತಿ ಹೇಳಲು ಉಸಿರು ಸಾಲುತ್ತಿಲ್ಲ, ಮಾತು ತಪ್ಪುತ್ತಿದೆ, ಎಬ್ಬಿಸಿದರೂ ಮತ್ತೆ ಮಂಪರು, ಎದೆನೋವು, ಬಿ.ಪಿ.ಯ ಮೇಲಿನ ಸಂಖ್ಯೆ 90ಕ್ಕಿಂತ ಕೆಳಗೆ, ಮೂತ್ರ ತೀರಾ ಕಮ್ಮಿ. ಇದರಲ್ಲಿ ಯಾವುದೊಂದಿದ್ದರೂ ದಯವಿಟ್ಟು ಲ್ಯಾಬಿಗೆ ಕರೆತರಬೇಡಿ. ‘ಮೊದಲು ರಿಪೋರ್ಟ್ ಬರಲಿ, ಆಮೇಲೆ ನೋಡುವ’ ಅಂತ ನಮ್ಮ ಬೆಂಚಿನಲ್ಲಿ ಕೂರಿಸಿದ ಒಂದು ಗಂಟೆ ಅವರಿಗೆ ದುಬಾರಿಯಾಗುತ್ತದೆ. ರಕ್ತಪರೀಕ್ಷೆ ಆಸ್ಪತ್ರೆಯಲ್ಲೇ ಆಗುತ್ತದೆ.

ಹೆಜ್ಜೆ 2: ಯಾರಿಗೆ ಟೆಸ್ಟ್, ಯಾವ ದಿನ

ಮೂವತ್ತರ ಹುಡುಗ, ನಿನ್ನೆ ಶುರುವಾದ ಶೀತ, ಆಕ್ಸಿಜನ್ 98. ಇವನಿಗೆ ಯಾವ ಟೆಸ್ಟೂ ಬೇಡ. ಲ್ಯಾಬಿನವನೇ ಹೀಗೆ ಹೇಳುತ್ತಾನಲ್ಲ ಅನ್ನಬೇಡಿ, ಸತ್ಯ ಅದೇ. 2021ರ ಮೇಯಲ್ಲಿ ದೆಹಲಿಯ ಏಮ್ಸ್ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ ಇದನ್ನೇ ಹೇಳಿದ್ದರು: ಸೌಮ್ಯ ಲಕ್ಷಣ ಇರುವವರು ಸುಮ್ನೆ ಸಿಟಿ ಸ್ಕ್ಯಾನ್, ರಕ್ತಪರೀಕ್ಷೆ ಮಾಡಿಸಿಕೊಂಡರೆ ಬೇಡದ ಚಿಕಿತ್ಸೆಗೆ ದಾರಿಯಾಗುತ್ತದೆ ಅಂತ. ಆಗ ಸಿಆರ್‌ಪಿ (ಉರಿಯೂತ ಆದಾಗ ರಕ್ತದಲ್ಲಿ ಏರುವ ಪ್ರೋಟೀನ್) ಸ್ವಲ್ಪ ಏರಿದ ಕೂಡಲೇ ಸ್ಟೆರಾಯ್ಡ್ ನುಂಗಿದವರು ಊರೂರಲ್ಲಿ ಇದ್ದರು. ಆಕ್ಸಿಜನ್ ಬೇಕಾದ ಕೋವಿಡ್ ರೋಗಿಗಳಿಗೆ ಮಾತ್ರ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್‌ನಿಂದ ಲಾಭ ಅಂತ 2020ರಲ್ಲೇ ಬ್ರಿಟನ್ನಿನ ರಿಕವರಿ ಅಧ್ಯಯನ ತೋರಿಸಿತ್ತು. ಆಕ್ಸಿಜನ್ ಬೇಡದವರಿಗೆ ಲಾಭ ಕಾಣಿಸಿರಲಿಲ್ಲ.

ಟೆಸ್ಟ್ ಉಪಯೋಗಕ್ಕೆ ಬರುವುದು ಇಂಥವರಿಗೆ: 65 ದಾಟಿದವರು, ಶುಗರ್, ಹೃದಯ, ಕಿಡ್ನಿ ತೊಂದರೆ ಇರುವವರು, ಅಸ್ತಮಾದವರು, ಗರ್ಭಿಣಿಯರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು. ವಯಸ್ಸು ಎಷ್ಟೇ ಇರಲಿ, ಮೂರು ದಿನ ಕಳೆದರೂ ಜ್ವರ ಬಿಡದವರು. ಮತ್ತೆ ಇನ್ನೊಂದು ಗುಂಪು ಇದೆ, ಇದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ: ಜ್ವರ ಬಿಟ್ಟು ಎರಡು ದಿನ ಚೆನ್ನಾಗಿದ್ದು ಮತ್ತೆ ಜ್ವರ ಬಂದವರು. ಫ್ಲೂ ಆದ ಮೇಲೆ ಬ್ಯಾಕ್ಟೀರಿಯಾದ ನ್ಯುಮೋನಿಯ ಅಂಟಿಕೊಳ್ಳುವುದು ಹೆಚ್ಚಾಗಿ ಹೀಗೇ.

ದಿನ ಮುಖ್ಯ. ಜ್ವರ ಶುರುವಾದ ದಿನವೇ ರಕ್ತ ಕೊಟ್ಟರೆ ರಿಪೋರ್ಟ್ ಬಹುತೇಕ ಚೆನ್ನಾಗಿಯೇ ಬರುತ್ತದೆ, ನಿಮಗೆ ಸುಳ್ಳು ಧೈರ್ಯ ಬರುತ್ತದೆ. ಅಪಾಯದ ಗುಂಪಿನವರಾದರೆ ಮೂರನೇ ದಿನದ ಆಸುಪಾಸು ಮೊದಲ ಸಲ, 48 ಗಂಟೆ ಬಿಟ್ಟು ಇನ್ನೊಂದು ಸಲ. ಆದರೆ ಮೂರನೇ ದಿನ ಅಂತ ಕಾದು ಕೂರಬೇಡಿ. ಉಸಿರಾಟ ಕೆಟ್ಟರೆ ಮೊದಲನೇ ದಿನವೂ ತಡವೇ.

ಹೆಜ್ಜೆ 3: ಏನು ಕೇಳಬೇಕು, ಏನು ಬಿಡಬೇಕು

ಸಿಬಿಸಿ (ರಕ್ತಕಣಗಳ ಎಣಿಕೆ), ಸಿಆರ್‌ಪಿ, ಯೂರಿಯಾ-ಕ್ರಿಯಾಟಿನಿನ್ (ಕಿಡ್ನಿಯ ಟೆಸ್ಟ್), ಶುಗರ್. ಇಷ್ಟು ಸಾಕು. ಸಾಮಾನ್ಯವಾಗಿ ಅದೇ ದಿನ ರಿಪೋರ್ಟ್ ಸಿಗುತ್ತದೆ. ವಯಸ್ಸಾದವರಿಗೆ ಡಾಕ್ಟರ್ ಸೋಡಿಯಂ ಸೇರಿಸಬಹುದು. ಜ್ವರದಲ್ಲಿ ಸರಿಯಾಗಿ ಊಟ ಇಲ್ಲದೆ, ಪ್ರೆಶರ್ ಮಾತ್ರೆಯ ಜೊತೆಗೆ ಸೋಡಿಯಂ ಇಳಿದು ಅಜ್ಜ-ಅಜ್ಜಿಯರು ಏನೇನೋ ಮಾತಾಡತೊಡಗುವುದು ನಮ್ಮ ಕಡೆ ಎಲ್ಲರೂ ಕಂಡದ್ದೇ. ನ್ಯುಮೋನಿಯ ಎಷ್ಟು ತೀವ್ರ ಅಂತ ಅಳೆಯುವಾಗ 130ಕ್ಕಿಂತ ಕೆಳಗಿನ ಸೋಡಿಯಂ ಕೂಡ ಲೆಕ್ಕಕ್ಕೆ ಬರುತ್ತದೆ.

ಮಳೆಗಾಲದಲ್ಲಿ ಕೆಮ್ಮಿಗಿಂತ ಮೈಕೈ ನೋವು, ಕಣ್ಣುಗುಡ್ಡೆಯ ಹಿಂದೆ ನೋವು, ಮೀನಖಂಡದ ನೋವು ಜಾಸ್ತಿ ಇದ್ದರೆ ದಾರಿ ಬೇರೆ. ಅಡಿಕೆ ತೋಟದಲ್ಲಿ ಹಾಳೆ, ಚಿಪ್ಪುಗಳಲ್ಲಿ ನಿಂತ ನೀರಿನಿಂದ ಡೆಂಗಿ, ಕೆಸರು-ತೋಡಿನ ನೀರಿನಿಂದ ಇಲಿಜ್ವರ, ಮಂಗಳೂರಿನಲ್ಲಿ ಕೆಲಸಕ್ಕಿರುವವರಾದರೆ ಮಲೇರಿಯಾ. ಇವೂ ಸಿಬಿಸಿ, ಸಿಆರ್‌ಪಿಗಳನ್ನು ಏರುಪೇರು ಮಾಡುತ್ತವೆ. ಡಾಕ್ಟರಿಗೆ ತೋಟದ ಕೆಲಸ, ಓಡಾಟ ಎಲ್ಲ ಹೇಳಿ. ಎರಡು ವಾರ ದಾಟಿದ ಕೆಮ್ಮಾದರೆ ರಕ್ತಕ್ಕಿಂತ ಕಫದ ಪರೀಕ್ಷೆ ಮುಖ್ಯ. ಟಿ.ಬಿ.ಯ ಕಫ ಪರೀಕ್ಷೆ ಸರಕಾರಿ ಆಸ್ಪತ್ರೆಗಳ ಮೂಲಕ ಉಚಿತ.

ಡಿ-ಡೈಮರ್, ಫೆರಿಟಿನ್, ಎಲ್‌ಡಿಎಚ್, ಐಎಲ್-6 ಅಂತೆಲ್ಲ ಕೋವಿಡ್ ಕಾಲದಲ್ಲಿ ಬಾಯಿಪಾಠ ಆಗಿತ್ತು. ಅವು ದಾಖಲಾದವರಿಗೆ, ಡಾಕ್ಟರ್ ಬರೆದರೆ ಮಾತ್ರ. ಡಿ-ಡೈಮರ್ ವಯಸ್ಸಾದವರಲ್ಲಿ, ಗರ್ಭಿಣಿಯರಲ್ಲಿ ಹೇಗೂ ಏರಿರುತ್ತದೆ. ಸಾಲದ್ದಕ್ಕೆ ಅದಕ್ಕೆ ಎರಡು ಬಗೆಯ ಅಳತೆ ಇದೆ, ಒಂದರ ಸಂಖ್ಯೆ ಇನ್ನೊಂದರ ಸುಮಾರು ದುಪ್ಪಟ್ಟು. ಮನೆಯಲ್ಲಿ ಕೂತು ಅದನ್ನು ಓದಿದರೆ ನಿದ್ದೆಗೆಡುವುದು ಬಿಟ್ಟರೆ ಬೇರೇನೂ ಸಿಗುವುದಿಲ್ಲ. ‘ಫೀವರ್ ಪ್ಯಾಕೇಜ್’ ಅಂತ ಇಪ್ಪತ್ತು ಮೂವತ್ತು ಟೆಸ್ಟ್ ಸೇರಿಸಿ ಕೊಡುವುದೂ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಆ ದುಡ್ಡು ಉಳಿಸಿ. ಎರಡು ದಿನ ಬಿಟ್ಟು ಇದೇ ಸಿಬಿಸಿ, ಸಿಆರ್‌ಪಿಯನ್ನು ಮತ್ತೊಮ್ಮೆ ಮಾಡಿಸಿ.

ಹೆಜ್ಜೆ 4: ರಕ್ತ ಕೊಡುವಾಗ

ಸಿಬಿಸಿ, ಸಿಆರ್‌ಪಿಗೆ ಖಾಲಿ ಹೊಟ್ಟೆ ಬೇಕಿಲ್ಲ. ಜ್ವರದವರನ್ನು ಉಪವಾಸ ಕೂರಿಸಿ ಕರೆತರಬೇಡಿ. ಚೆನ್ನಾಗಿ ನೀರು ಕುಡಿಸಿಕೊಂಡೇ ಬನ್ನಿ, ನರ ಸಿಗುವುದೂ ಸುಲಭ.

ಸಿಬಿಸಿಯ ರಕ್ತ ನೇರಳೆ ಮುಚ್ಚಳದ ಟ್ಯೂಬಿಗೆ ಹೋಗುತ್ತದೆ. ಅದರೊಳಗೆ ಇಡಿಟಿಎ ಎಂಬ ಪುಡಿಯಂಥ ಲೇಪ ಇರುತ್ತದೆ, ರಕ್ತ ಹೆಪ್ಪುಗಟ್ಟದಿರಲು. ರಕ್ತ ಹಾಕಿದ ಕೂಡಲೇ ಟ್ಯೂಬನ್ನು ಏಳೆಂಟು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡಬೇಕು. ಕುಲುಕಬಾರದು, ಹಾಗೇ ಬಿಡಲೂಬಾರದು. ಮಾಡದಿದ್ದರೆ ಒಳಗೆ ಸಾಸಿವೆ ಗಾತ್ರದ ಹೆಪ್ಪು ಕೂತುಬಿಡುತ್ತದೆ. ಕಣ್ಣಿಗೆ ಕಾಣುವುದೂ ಕಷ್ಟ. ಮೆಷಿನ್‌ಗೆ ಹಾಕಿದರೆ ಪ್ಲೇಟ್‌ಲೆಟ್ 60 ಸಾವಿರ ಅಂತ ತೋರಿಸುತ್ತದೆ, ನಿಜದಲ್ಲಿ ಅದು ಎರಡು ಲಕ್ಷ ಇರಬಹುದು. ಕೆಲವರ ರಕ್ತದಲ್ಲಿ ಹೆಪ್ಪಿಲ್ಲದೆಯೂ ಇಡಿಟಿಎಯಿಂದಲೇ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟುತ್ತವೆ. ಹಾಗಾಗಿ ರೋಗಿ ಚೆನ್ನಾಗಿದ್ದು ಪ್ಲೇಟ್‌ಲೆಟ್ ಮಾತ್ರ ಪಾತಾಳಕ್ಕಿಳಿದಿದ್ದರೆ ‘ಸ್ಲೈಡ್ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿದ್ದೀರಾ?’ ಅಂತ ಕೇಳಿ. ಕೇಳಿದರೆ ಬೇಸರಿಸುವ ಲ್ಯಾಬ್ ಆದರೆ ಬೇರೆ ಲ್ಯಾಬ್ ನೋಡಿ.

ಸ್ಟೆರಾಯ್ಡ್ ತೆಗೆದುಕೊಂಡಿದ್ದರೆ ಹೇಳಲೇಬೇಕು. ಅಸ್ತಮಾಕ್ಕೋ, ಗಂಟುನೋವಿಗೋ, ಮೆಡಿಕಲ್‌ನಲ್ಲಿ ಕೇಳಿ ತಂದದ್ದೋ, ಯಾವುದಾದರೂ ಸರಿ. ಸ್ಟೆರಾಯ್ಡ್ ನ್ಯೂಟ್ರೋಫಿಲ್ ಏರಿಸುತ್ತದೆ, ಲಿಂಫೋಸೈಟ್ ಇಳಿಸುತ್ತದೆ (ಎರಡೂ ಬಿಳಿ ರಕ್ತಕಣದ ಬಗೆಗಳು), ಶುಗರ್ ಏರಿಸುತ್ತದೆ. ರಿಪೋರ್ಟ್ ನೋಡಿದರೆ ರೋಗ ಉಲ್ಬಣಿಸಿದೆ ಅನ್ನಿಸುತ್ತದೆ, ಮಾಡಿದ್ದು ಮಾತ್ರೆ. ಆಂಟಿಬಯೋಟಿಕ್ ಶುರು ಮಾಡಿದ್ದರೆ ಅದರ ಹೆಸರು, ಎಷ್ಟು ದಿನ ಆಯಿತು ಅಂತ ಬರೆದುಕೊಂಡು ಬನ್ನಿ. ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವುದನ್ನು ತಡೆಯಲು ಕೇರಳದ ಔಷಧ ನಿಯಂತ್ರಣ ಇಲಾಖೆ 2024ರಲ್ಲಿ ‘ಆಪರೇಷನ್ ಅಮೃತ್’ ಶುರು ಮಾಡಿತು. ಆದರೂ ಕಳೆದ ವರ್ಷದ ಉಳಿದ ಮಾತ್ರೆ ನುಂಗಿ ಬರುವವರು ಇದ್ದೇ ಇದ್ದಾರೆ.

ಹೆಜ್ಜೆ 5: ಸಿಬಿಸಿ ಓದುವುದು

ಕಾಗದದಲ್ಲಿ ಇಪ್ಪತ್ತಕ್ಕಿಂತ ಜಾಸ್ತಿ ಸಾಲು ಇರುತ್ತದೆ. ದಪ್ಪಕ್ಷರದ ‘ಎಚ್’, ‘ಎಲ್’ ನೋಡಿ ಹೆದರಬೇಡಿ. ‘ನಾರ್ಮಲ್’ ಎಂಬ ಮಿತಿಯನ್ನು ಸಾಮಾನ್ಯವಾಗಿ ನೂರು ಆರೋಗ್ಯವಂತರಲ್ಲಿ 95 ಮಂದಿ ಒಳಗೆ ಬರುವ ಹಾಗೆ ಇಟ್ಟಿರುತ್ತಾರೆ. ಅಂದರೆ ಏನೂ ಕಾಯಿಲೆ ಇಲ್ಲದವರಿಗೂ ಒಂದೋ ಎರಡೋ ಸಾಲು ಹೊರಗೆ ಹೋಗಿರುತ್ತದೆ. ನಮಗೆ ಬೇಕಾದ್ದು ನಾಲ್ಕೇ ಸಾಲು: ಒಟ್ಟು ಬಿಳಿ ರಕ್ತಕಣ, ನ್ಯೂಟ್ರೋಫಿಲ್, ಲಿಂಫೋಸೈಟ್, ಪ್ಲೇಟ್‌ಲೆಟ್.

ಒಟ್ಟು ಬಿಳಿ ರಕ್ತಕಣವನ್ನೇ ಜನ ‘ಕೌಂಟ್’ ಅನ್ನುವುದು. ದೊಡ್ಡವರಿಗೆ 4,000ದಿಂದ 11,000. ಕೆಲವು ಮೆಷಿನ್ 6,200ರ ಬದಲು 6.2 ಅಂತ ಬರೆಯುತ್ತದೆ, ಎರಡೂ ಒಂದೇ. ಏರಿದರೆ ಬ್ಯಾಕ್ಟೀರಿಯಾ ಇರಬಹುದು. ಗರ್ಭಿಣಿಯರಲ್ಲಿ ಸಹಜವಾಗಿಯೇ ಏರಿರುತ್ತದೆ. ಜನಕ್ಕೆ ಏರಿದ ಕೌಂಟ್‌ನದ್ದೇ ಭಯ. ಆದರೆ ನ್ಯುಮೋನಿಯ ಅಂತ ಖಚಿತವಾದವರಲ್ಲಿ ಕೌಂಟ್ 4,000ಕ್ಕಿಂತ ಕೆಳಗೆ ಇಳಿದಿದ್ದರೆ ಅದು ಇನ್ನೂ ಕೆಟ್ಟ ಸೂಚನೆ. ಅಮೆರಿಕದ ತಜ್ಞರ 2007ರ ಮಾರ್ಗಸೂಚಿಯಲ್ಲಿ ತೀವ್ರ ನ್ಯುಮೋನಿಯದ ಗುರುತುಗಳ ಪಟ್ಟಿ ಇದೆ. ಅದರಲ್ಲಿ 4,000ಕ್ಕಿಂತ ಕಡಿಮೆ ಕೌಂಟ್, ಒಂದು ಲಕ್ಷಕ್ಕಿಂತ ಕಡಿಮೆ ಪ್ಲೇಟ್‌ಲೆಟ್ ಎರಡೂ ಸೇರಿವೆ.

ವಯಸ್ಸಾದವರಲ್ಲಿ ಇನ್ನೊಂದು ಮೋಸ ಇದೆ. ಎಂಬತ್ತರ ಅಜ್ಜನಿಗೆ ಎದೆ ತುಂಬ ಕಫ ಇದ್ದರೂ ಜ್ವರ ಇರುವುದಿಲ್ಲ, ಕೌಂಟ್ 8,000 ಇರುತ್ತದೆ. ‘ನನಗೇನೂ ಆಗಿಲ್ಲ, ಸುಮ್ನೆ ಕೂರಿ’ ಅನ್ನುತ್ತಾರೆ ಬೇರೆ. ಅಂಥವರಲ್ಲಿ ಊಟ ಬಿಟ್ಟದ್ದು, ಬಿದ್ದದ್ದು, ಮಾತು ತಪ್ಪಿದ್ದು ಕೌಂಟ್‌ಗಿಂತ ದೊಡ್ಡ ಸುಳಿವು.

ಈಗ ಲಿಂಫೋಸೈಟ್. ರಿಪೋರ್ಟ್‌ನಲ್ಲಿ ಇದು ಶೇಕಡಾ ಲೆಕ್ಕದಲ್ಲಿ ಇರುತ್ತದೆ. ನಮಗೆ ಬೇಕಾದ್ದು ನಿಜವಾದ ಸಂಖ್ಯೆ. ಒಟ್ಟು ಕೌಂಟನ್ನು ಲಿಂಫೋಸೈಟ್ ಶೇಕಡಾದಿಂದ ಗುಣಿಸಿ ನೂರರಿಂದ ಭಾಗಿಸಿ. ಒಂದು ರಿಪೋರ್ಟ್‌ನಲ್ಲಿ ಒಟ್ಟು ಕೌಂಟ್ 6,200, ನ್ಯೂಟ್ರೋಫಿಲ್ 82, ಲಿಂಫೋಸೈಟ್ 12 ಅಂತಿಟ್ಟುಕೊಳ್ಳಿ. ಕೌಂಟ್ ನೋಡಿದರೆ ಎಲ್ಲ ಸರಿ. ಆದರೆ ಲಿಂಫೋಸೈಟ್ ಸಂಖ್ಯೆ 744. ದೊಡ್ಡವರಲ್ಲಿ 1,000ಕ್ಕಿಂತ ಕೆಳಗಿದ್ದರೆ ಕಡಿಮೆ ಅಂತಲೇ ಲೆಕ್ಕ. ಕೋವಿಡ್‌ನಲ್ಲೂ ಬೇರೆ ನ್ಯುಮೋನಿಯಗಳಲ್ಲೂ ಇದು ಇಳಿದಷ್ಟೂ ರೋಗ ಭಾರವಾಗುವ ಸಾಧ್ಯತೆ ಹೆಚ್ಚು.

ಅದೇ ರಿಪೋರ್ಟ್‌ನಲ್ಲಿ ನ್ಯೂಟ್ರೋಫಿಲ್‌ನ 82ನ್ನು ಲಿಂಫೋಸೈಟ್‌ನ 12ರಿಂದ ಭಾಗಿಸಿ. 6.8 ಬರುತ್ತದೆ. ಇದನ್ನೇ ಎನ್‌ಎಲ್‌ಆರ್ ಅನ್ನುವುದು. ಆರೋಗ್ಯವಂತರಲ್ಲಿ ಸಾಧಾರಣ 1ರಿಂದ 3ರ ಒಳಗೆ ಇರುತ್ತದೆ. 3 ದಾಟಿದರೆ ಗಮನ ಕೊಡಿ, ಎರಡಂಕಿಗೆ ಹೋದರೆ ಶರೀರ ದೊಡ್ಡ ಒತ್ತಡದಲ್ಲಿದೆ. ಇದಕ್ಕೆ ಬೇರೆ ಟೆಸ್ಟ್ ಬೇಡ, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಪಕ್ಕದ ಮನೆಯವರ ಕೌಂಟ್ 5,400, ನ್ಯೂಟ್ರೋಫಿಲ್ 58, ಲಿಂಫೋಸೈಟ್ 34 ಅಂದುಕೊಳ್ಳಿ. ಲಿಂಫೋಸೈಟ್ 1,836, ಎನ್‌ಎಲ್‌ಆರ್ 1.7. ಇಬ್ಬರಿಗೂ ಒಂದೇ ಜ್ವರ, ಕೌಂಟೂ ಹತ್ತಿರ ಹತ್ತಿರ. ಆದರೆ ಎರಡು ದಿನ ಬಿಟ್ಟು ಮತ್ತೆ ಬರಬೇಕಾದವರು ಮೊದಲಿನವರು.

ಒಂದು ಎಚ್ಚರಿಕೆ. ಈ ಲೆಕ್ಕವನ್ನು ಸಣ್ಣ ಮಕ್ಕಳಿಗೆ ಹಾಕಬೇಡಿ. ನಾಲ್ಕೈದು ವರ್ಷದವರೆಗೆ ಮಕ್ಕಳಲ್ಲಿ ಲಿಂಫೋಸೈಟೇ ಜಾಸ್ತಿ ಇರುವುದು ಸಹಜ. ಸ್ಟೆರಾಯ್ಡ್‌ನಲ್ಲಿರುವವರಿಗೂ ಬೇಡ, ಕಾರಣ ಆಗಲೇ ಹೇಳಿದೆ.

ಹೆಜ್ಜೆ 6: ಸಿಆರ್‌ಪಿ

ಇದು ಲಿವರ್ ತಯಾರಿಸುವ ಒಂದು ಪ್ರೋಟೀನ್. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಇದನ್ನು ಕಂಡದ್ದೇ ನ್ಯುಮೋನಿಯ ರೋಗಿಗಳ ರಕ್ತದಲ್ಲಿ. ಉರಿಯೂತ ಶುರುವಾಗಿ ಆರರಿಂದ ಎಂಟು ಗಂಟೆಗೆ ಏರತೊಡಗುತ್ತದೆ, ಸುಮಾರು ಎರಡು ದಿನಕ್ಕೆ ತುದಿ ಮುಟ್ಟುತ್ತದೆ. ಕಾರಣ ನಿಂತರೆ 19 ಗಂಟೆಗೆ ಅರ್ಧದಷ್ಟಾಗುತ್ತದೆ. ಏರುವುದೂ ಇಳಿಯುವುದೂ ಇಷ್ಟು ಬೇಗ ಆಗುವುದರಿಂದಲೇ ಎರಡು ದಿನದ ಅಂತರದಲ್ಲಿ ಮತ್ತೆ ನೋಡಿದರೆ ಅರ್ಥ ಇದೆ. ಉರಿಯೂತ ತೋರಿಸುವ ಇನ್ನೊಂದು ಟೆಸ್ಟ್ ಇಎಸ್‌ಆರ್ ಹಾಗಲ್ಲ. ಮಳೆ ನಿಂತ ಮೇಲೂ ತೋಡಿನ ನೀರು ಇಳಿಯಲು ದಿನ ಹಿಡಿಯುವ ಹಾಗೆ, ರೋಗ ವಾಸಿಯಾದ ಮೇಲೂ ವಾರಗಟ್ಟಲೆ ಏರಿಯೇ ಇರುತ್ತದೆ. ಈ ಕೆಲಸಕ್ಕೆ ಅದು ಬೇಡ.

ಸಂಖ್ಯೆ ನೋಡುವ ಮೊದಲು ಅಳತೆ ನೋಡಿ. ಕೆಲವು ಲ್ಯಾಬ್ ಲೀಟರಿಗೆ ಮಿಲಿಗ್ರಾಂ ಅಂತ ಕೊಡುತ್ತವೆ, ಕೆಲವು ಡೆಸಿಲೀಟರಿಗೆ. ಎರಡರ ನಡುವೆ ಹತ್ತು ಪಟ್ಟು ವ್ಯತ್ಯಾಸ. ಇಲ್ಲಿ 4.8 ಬಂದು, ಗಡಿ ಆಚೆ ಇನ್ನೊಂದು ಲ್ಯಾಬಿನಲ್ಲಿ 48 ಬಂದರೆ ರೋಗ ಹತ್ತು ಪಟ್ಟಾಯಿತು ಅಂತಲ್ಲ, ಎರಡೂ ಒಂದೇ ಇರಬಹುದು. ಇದಕ್ಕಾಗಿಯೇ ಎರಡು ಸಲವೂ ಒಂದೇ ಲ್ಯಾಬಿಗೆ ಹೋಗಿ ಅನ್ನುವುದು. ಮುಂದೆ ಹೇಳುವ ಸಂಖ್ಯೆಗಳೆಲ್ಲ ಲೀಟರಿನ ಲೆಕ್ಕ.

ಹೆಚ್ಚಿನ ಲ್ಯಾಬ್‌ಗಳಲ್ಲಿ 5 ಅಥವಾ 10ಕ್ಕಿಂತ ಕಡಿಮೆ ನಾರ್ಮಲ್. ಎದೆಯ ಸೋಂಕಿನವರಿಗೆ ಆಂಟಿಬಯೋಟಿಕ್ ಬೇಕಾ ಅಂತ ಅನುಮಾನ ಇದ್ದಾಗ ಚಿಕಿತ್ಸೆಯ ಮಾರ್ಗಸೂಚಿ ಮಾಡುವ ಬ್ರಿಟನ್ನಿನ ನೈಸ್ ಸಂಸ್ಥೆ 2014ರಲ್ಲಿ ಒಂದು ಅಳತೆಗೋಲು ಕೊಟ್ಟಿತು. 20ಕ್ಕಿಂತ ಕಡಿಮೆ ಇದ್ದರೆ ವಾಡಿಕೆಯಂತೆ ಕೊಡಬೇಡಿ. 20ರಿಂದ 100ರವರೆಗೆ ಚೀಟಿ ಬರೆದುಕೊಟ್ಟು, ಕಾಯಿಲೆ ಹೆಚ್ಚಾದರೆ ಮಾತ್ರ ತೆಗೆದುಕೊಳ್ಳಲು ಹೇಳಬಹುದು. 100ಕ್ಕಿಂತ ಜಾಸ್ತಿ ಇದ್ದರೆ ಕೊಡಿ. ಇದು ಡಾಕ್ಟರಿಗೆ ಹೇಳಿದ್ದು, ನಮಗಲ್ಲ. ಆದರೂ ಅಂದಾಜಿಗೆ ಒಳ್ಳೆಯದು. ಫ್ಲೂನಲ್ಲಿ 30, 40 ಬರುವುದು ಅಪರೂಪವಲ್ಲ, ಅದೊಂದೇ ನೋಡಿ ಬ್ಯಾಕ್ಟೀರಿಯಾ ಅನ್ನಲಾಗದು. ಮಕ್ಕಳಲ್ಲಿ ಅಡಿನೋ ವೈರಸ್ ಬಂದರೆ ಸಿಆರ್‌ಪಿ, ಕೌಂಟ್ ಎರಡೂ ಜೋರಾಗಿಯೇ ಏರುತ್ತವೆ.

ಕೀಲುವಾತ ಇರುವವರಲ್ಲಿ, ಬೊಜ್ಜು ಜಾಸ್ತಿ ಇರುವವರಲ್ಲಿ, ಕಾಲಿನಲ್ಲಿ ಶುಗರ್ ಗಾಯ ಇರುವವರಲ್ಲಿ ಸಿಆರ್‌ಪಿ ಮೊದಲೇ ಏರಿರಬಹುದು. ಲಿವರ್ ಪೂರ್ತಿ ಕೆಟ್ಟವರಲ್ಲಿ ಏರಬೇಕಾದಷ್ಟು ಏರುವುದೇ ಇಲ್ಲ.

ಹೆಜ್ಜೆ 7: ಯೂರಿಯಾ, ಮತ್ತು ಐದು ಅಂಕದ ಲೆಕ್ಕ

ನ್ಯುಮೋನಿಯ ಅಂತ ಡಾಕ್ಟರ್ ಹೇಳಿದ ಮೇಲೆ ಮನೆಯಲ್ಲಿ ನೋಡಿಕೊಳ್ಳಬಹುದಾ, ದಾಖಲಿಸಬೇಕಾ ಎಂಬುದಕ್ಕೆ ಪ್ರಪಂಚದ ತುಂಬ ಬಳಕೆಯಲ್ಲಿರುವ ಒಂದು ಲೆಕ್ಕ ಇದೆ, ಕರ್ಬ್-65. 2003ರಲ್ಲಿ ಬಂದದ್ದು. ಮಾತು-ಬುದ್ಧಿ ಗೊಂದಲವಾಗಿದ್ದರೆ ಒಂದು ಅಂಕ. ಯೂರಿಯಾ ಮಿತಿ ದಾಟಿದ್ದರೆ ಒಂದು. ಉಸಿರಾಟ 30 ಅಥವಾ ಜಾಸ್ತಿ ಇದ್ದರೆ ಒಂದು. ಬಿ.ಪಿ.ಯ ಮೇಲಿನದು 90ಕ್ಕಿಂತ ಕಡಿಮೆ ಅಥವಾ ಕೆಳಗಿನದು 60 ಮತ್ತು ಅದಕ್ಕಿಂತ ಕಡಿಮೆ ಇದ್ದರೆ ಒಂದು. ವಯಸ್ಸು 65 ಅಥವಾ ಮೇಲಿದ್ದರೆ ಒಂದು. ಸೊನ್ನೆ ಅಥವಾ ಒಂದು ಬಂದರೆ ಅಪಾಯ ಕಡಿಮೆ. ಎರಡಕ್ಕೆ ಆಸ್ಪತ್ರೆಯ ಮಾತು ಬರುತ್ತದೆ. ಮೂರು ಅಥವಾ ಮೇಲೆ ಬಂದರೆ ತೀವ್ರ.

ಇಲ್ಲಿ ಯೂರಿಯಾದ ಮಿತಿ ಬ್ರಿಟಿಷ್ ಅಳತೆಯಲ್ಲಿದೆ. ನಮ್ಮ ರಿಪೋರ್ಟ್‌ಗೆ ತಂದರೆ ‘ಬ್ಲಡ್ ಯೂರಿಯಾ’ ಅಂತ ಬರೆದಿದ್ದರೆ ಸುಮಾರು 42, ‘ಬಿಯುಎನ್’ (ಯೂರಿಯಾದೊಳಗಿನ ನೈಟ್ರೋಜನ್ ಮಾತ್ರ) ಅಂತ ಬರೆದಿದ್ದರೆ ಸುಮಾರು 20. ಎರಡನ್ನೂ ಒಂದೇ ಅಂದುಕೊಂಡು ಗೊಂದಲ ಮಾಡಿಕೊಳ್ಳುವವರು ಬಹಳ. ಬಿಯುಎನ್ 24 ಬಂದರೆ ಅದು ಮಿತಿ ದಾಟಿದೆ, ಬ್ಲಡ್ ಯೂರಿಯಾ 24 ಆದರೆ ಏನೂ ಇಲ್ಲ. ಮೊದಲೇ ಕಿಡ್ನಿ ತೊಂದರೆ ಇರುವವರ ಹಳೆ ರಿಪೋರ್ಟ್ ಹುಡುಕಿ ಹೋಲಿಸಿ. ನೀರು ಕುಡಿಯದೆ ಒಣಗಿದವರಲ್ಲೂ ಯೂರಿಯಾ ಏರುತ್ತದೆ. ಜ್ವರದ ಅಜ್ಜಿಗೆ ಅದೂ ಒಳ್ಳೆಯ ಲಕ್ಷಣವಲ್ಲ.

ಈ ಲೆಕ್ಕದ ದೊಡ್ಡ ಕೊರತೆ ಅಂದರೆ ಅದರಲ್ಲಿ ಆಕ್ಸಿಜನ್ ಇಲ್ಲ. ನಲವತ್ತರ ಗಟ್ಟಿಮುಟ್ಟಾದ ಮನುಷ್ಯನಿಗೆ ಆಕ್ಸಿಜನ್ 88 ಇದ್ದರೂ ಅಂಕ ಸೊನ್ನೆ ಬರಬಹುದು. ಸೊನ್ನೆ ಅಂತ ಮನೆಯಲ್ಲಿ ಕೂರಿಸಿದರೆ ಕಥೆ ಮುಗಿಯಿತು. ಹಾಗಾಗಿ ಮೊದಲ ಹೆಜ್ಜೆಯೇ ಯಾವಾಗಲೂ ಮೇಲು.

ಹೆಜ್ಜೆ 8: ಎರಡನೇ ಸಲ

48 ಗಂಟೆ ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೆ ಸಿಬಿಸಿ, ಸಿಆರ್‌ಪಿ. ಗೋಡೆಯ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಜ್ವರ, ಉಸಿರು, ಆಕ್ಸಿಜನ್ ಬರೆಯುತ್ತಾ ಬನ್ನಿ. ರಕ್ತ ಕೊಟ್ಟ ದಿನ ಸಿಆರ್‌ಪಿ, ಲಿಂಫೋಸೈಟ್ ಸಂಖ್ಯೆ, ಎನ್‌ಎಲ್‌ಆರ್ ಕೂಡ. ಡಾಕ್ಟರಿಗೆ ಆ ಹಾಳೆಯ ಫೋಟೋ ಕಳಿಸಿದರೆ ಹತ್ತು ನಿಮಿಷದ ಮಾತು ಉಳಿಯುತ್ತದೆ.

ಸಿಆರ್‌ಪಿ 60 ಇದ್ದದ್ದು 25 ಆಗಿದೆ, ಲಿಂಫೋಸೈಟ್ ಏರುತ್ತಿದೆ, ಊಟ ಸೇರುತ್ತಿದೆ. ಮೂರನೇ ರಿಪೋರ್ಟ್ ಬೇಡ, ಕೆಮ್ಮು ಇನ್ನೆರಡು ವಾರ ಉಳಿದರೂ ಗಾಬರಿ ಬೇಡ. ಇನ್ನು 38 ಇದ್ದದ್ದು 112 ಆಗಿದೆ, ಲಿಂಫೋಸೈಟ್ 1,300ರಿಂದ 700ಕ್ಕೆ ಬಂದಿದೆ. ಆಕ್ಸಿಜನ್ ಇನ್ನೂ 95 ಇದ್ದರೂ ಅವತ್ತು ಹಗಲಲ್ಲೇ ಹೊರಡಿ, ರಾತ್ರಿಯವರೆಗೆ ಕಾಯಬೇಡಿ. ನ್ಯುಮೋನಿಯಕ್ಕೆ ಚಿಕಿತ್ಸೆ ಶುರುವಾದವರಲ್ಲಿ ನಾಲ್ಕನೇ ದಿನಕ್ಕೂ ಸಿಆರ್‌ಪಿ ಅರ್ಧಕ್ಕಿಳಿಯದಿದ್ದರೆ ಡಾಕ್ಟರುಗಳು ಮದ್ದು ಹಿಡಿಯುತ್ತಿಲ್ಲವಾ, ಎದೆಯಲ್ಲಿ ನೀರು-ಕೀವು ತುಂಬಿದೆಯಾ ಅಂತ ಮತ್ತೆ ನೋಡುತ್ತಾರೆ.

ಸಂಖ್ಯೆ ಇಳಿದಿದೆ ಆದರೆ ಮನುಷ್ಯ ಸೋತಿದ್ದಾನೆ ಅನ್ನಿಸಿದರೆ ಮನುಷ್ಯನನ್ನು ನಂಬಿ, ಕಾಗದವನ್ನಲ್ಲ.

ಹೆಜ್ಜೆ 9: ಹೊರಡುವಾಗ

ಮೊದಲು ಫೋನ್ ಮಾಡಿ. ಮಲಯಾಳ ಸರಿಯಾಗಿ ಬಾರದಿದ್ದರೆ ನಮ್ಮ ಕಡೆಯವರು ಫೋನಿನಲ್ಲಿ ತಡವರಿಸಿ ಮುಖ್ಯವಾದದ್ದನ್ನೇ ಬಿಡುತ್ತಾರೆ. ಕಾಗದದಲ್ಲಿ ಬರೆದಿಟ್ಟು ಓದಿ: ವಯಸ್ಸು, ಶುಗರ್-ಪ್ರೆಶರ್ ಇದೆಯಾ, ಜ್ವರದ ಎಷ್ಟನೇ ದಿನ, ಉಸಿರಾಟ ಎಷ್ಟು, ಆಕ್ಸಿಜನ್ ಎಷ್ಟು, ಸಿಆರ್‌ಪಿ ಎಷ್ಟರಿಂದ ಎಷ್ಟಾಯಿತು. ಸಂಖ್ಯೆಗೆ ಭಾಷೆಯ ತೊಂದರೆ ಇಲ್ಲ. ಹಾಸಿಗೆ ಇದೆಯಾ, ಆಕ್ಸಿಜನ್ ಇದೆಯಾ ಅಂತ ಕೇಳಿಯೇ ಗಾಡಿ ಹತ್ತಿ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ ಕೇರಳ ಆರೋಗ್ಯ ಇಲಾಖೆಯ ‘ದಿಶಾ’ ಸಹಾಯವಾಣಿ 1056 ಇದೆ. ಎರಡೂ ರಿಪೋರ್ಟ್, ಹಳೆ ಡಿಸ್ಚಾರ್ಜ್ ಚೀಟಿ, ದಿನಾ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಒಂದೇ ಕವರಿನಲ್ಲಿ ಹಾಕಿ. ಮೊಬೈಲಿನಲ್ಲಿ ಫೋಟೋ ಇದೆ ಅಂತ ಕಾಗದ ಬಿಟ್ಟು ಹೋಗಬೇಡಿ, ಗುಡ್ಡದ ರಸ್ತೆಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಆಸ್ಪತ್ರೆ ತಲುಪುವಷ್ಟರಲ್ಲಿ ಚಾರ್ಜೂ ಮುಗಿದಿರುತ್ತದೆ.